‘ಹಿಂದೆ’ ಅಂದರೆ ಎಲ್ಲಿ, ಯಾವಾಗ?

‘ಮನೆ ಹಿಂದೆ ಬಾವಿ ಇದೆ’ ಅನ್ನುತ್ತೇವೆ. ‘ಹತ್ತು ವರ್ಷದ ಹಿಂದೆ ಬತ್ತಿತು’ ಅಂತಲೂ ಅನ್ನುತ್ತೇವೆ. ಜಾಗಕ್ಕೂ ಕಾಲಕ್ಕೂ ಒಂದೇ ಮಾತು. ಮಿದುಳಿನಲ್ಲೂ ಇವೆರಡು ನೆನಪಿನ ಜೊತೆ ಹೆಣೆದುಕೊಂಡಿವೆ ಅನ್ನೋದು ಗೊತ್ತಾಗಲು ಮಾತ್ರ ಅರ್ಧ ಶತಮಾನಕ್ಕಿಂತ ಜಾಸ್ತಿ ಹಿಡಿಯಿತು. ಈ ನಡುವೆ ಎಷ್ಟು ಬಗೆಯ ಕೋಶಗಳ ಹೆಸರು ಬಂದಿವೆ ಅಂದರೆ, ಯಾವುದರ ಕೆಲಸ ಏನು ಅಂತ ತಲೆ ಕೆಡುತ್ತದೆ. ಮೊದಲಿನಿಂದ ನೋಡೋಣ.

1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ 27 ವರ್ಷ. ವಿಪರೀತ ಫಿಟ್ಸ್ ಬರುತ್ತಿತ್ತು. ಅದನ್ನು ತಡೆಯಲು ಮಿದುಳಿನ ಎರಡೂ ಬದಿಯಲ್ಲಿ ಒಳಗಿರುವ ಹಿಪೊಕ್ಯಾಂಪಸ್ ಅನ್ನುವ ಅಂಗದ ದೊಡ್ಡ ಭಾಗ ತೆಗೆದರು. ಫಿಟ್ಸ್ ಕಮ್ಮಿಯಾಯಿತು, ಆದರೆ ಹೊಸ ನೆನಪು ನಿಲ್ಲದಾಯಿತು. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್, ಹೆನ್ರಿ ಅವರ ಮುಂದೆ ನಕ್ಷತ್ರದ ಚಿತ್ರ ಇಟ್ಟು, ಕನ್ನಡಿಯಲ್ಲಷ್ಟೇ ನೋಡಿಕೊಂಡು ಅದರ ಜೋಡಿಗೆರೆಗಳ ನಡುವೆ ಪೆನ್ಸಿಲ್ ಓಡಿಸಲು ಹೇಳಿದರು. ದಿನದಿಂದ ದಿನಕ್ಕೆ ಕೈ ಪಳಗಿತು. ಹಿಂದಿನ ದಿನ ಬರೆದದ್ದು ಮಾತ್ರ ಅವರಿಗೆ ನೆನಪೇ ಇಲ್ಲ. 2008ರಲ್ಲಿ ತೀರಿಕೊಳ್ಳುವವರೆಗೂ ಅವರು ಹಾಗೇ ಬದುಕಿದರು. ಈ ವಿಷಯದಲ್ಲಿ ನಮಗೆ ಗೊತ್ತಿರುವುದರಲ್ಲಿ ಅವರ ಋಣ ದೊಡ್ಡದು.

ಹಿಪೊಕ್ಯಾಂಪಸ್ ಅಂದರೆ ನೆನಪು ಅಂತಾಯಿತು. ಆದರೆ 1971ರಲ್ಲಿ ಲಂಡನ್ನಿನ ಜಾನ್ ಓಕೀಫ್ ಮತ್ತು ಜೊನಾಥನ್ ದೊಸ್ತ್ರೊವ್ಸ್ಕಿ ಇಲಿಯ ಹಿಪೊಕ್ಯಾಂಪಸ್‌ನಲ್ಲಿ ಬೇರೆಯೇ ಕಂಡರು. ಇಲಿ ಒಂದು ಗೊತ್ತಾದ ಜಾಗಕ್ಕೆ ಬಂದಾಗ ಮಾತ್ರ ಮಿಡಿಯುವ ಕೋಶ! ಅಂದರೆ ಇದು ನೆನಪಿನ ಉಗ್ರಾಣವೋ, ದಾರಿ ತೋರುವ ನಕ್ಷೆಯೋ? ಮುಂದಿನ ದಶಕಗಳು ಈ ವಾದದಲ್ಲೇ ಕಳೆದವು. ಎರಡೂ ಒಂದೇ ಇರಬಹುದು ಅನ್ನುವ ಮಾತಿಗೆ ಇನ್ನೂ ಬೇಗ ಕಿವಿಗೊಡಬಹುದಿತ್ತು.

2005ರಲ್ಲಿ ನಾರ್ವೆಯ ಮೈ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರ ತಂಡಕ್ಕೆ ಹಿಪೊಕ್ಯಾಂಪಸ್ ಪಕ್ಕದ ಎಂಟೊರೈನಲ್ ಕಾರ್ಟೆಕ್ಸ್ ಅನ್ನುವ ಭಾಗದಲ್ಲಿ ಗ್ರಿಡ್ ಕೋಶಗಳು ಸಿಕ್ಕವು. ಇಲಿ ಓಡಾಡುವಾಗ ಅಂಥ ಒಂದು ಕೋಶ ಎಲ್ಲೆಲ್ಲಿ ಮಿಡಿಯಿತು ಅಂತ ನೆಲದ ಮೇಲೆ ಗುರುತಿಟ್ಟರೆ ಸಂದುಚುಕ್ಕಿ ರಂಗೋಲಿಗೆ ಇಟ್ಟ ಚುಕ್ಕಿಗಳೇ. ಎರಡು ಚುಕ್ಕಿಗಳ ಸಂದಿಗೆ ಸರಿಯಾಗಿ ಮುಂದಿನ ಸಾಲಿನ ಚುಕ್ಕಿ. 2014ರಲ್ಲಿ ಓಕೀಫ್‌ಗೂ ಈ ಇಬ್ಬರಿಗೂ ನೊಬೆಲ್ ಬಂತು.

ಹಾಗಾದರೆ ಕಾಲ? ಇಡೀ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. 2011ರಲ್ಲಿ ಬಾಸ್ಟನ್ನಿನ ಹಾವರ್ಡ್ ಐಕೆನ್‌ಬಾಮ್ ಅವರ ತಂಡ ಇಲಿಗೆ ಮೊದಲು ಒಂದು ವಸ್ತು ತೋರಿಸಿತು. ಆಮೇಲೆ ಸುಮಾರು 10 ಸೆಕೆಂಡ್ ಕಾಯಿಸಿತು. ನಂತರ ಒಂದು ವಾಸನೆ. ವಸ್ತುವಿಗೆ ವಾಸನೆ ಜೋಡಿಯಾದರೆ, ಮರಳು ಕೆದಕಿದಾಗ ತಿಂಡಿ ಸಿಗುತ್ತದೆ. ಗಮನಿಸಬೇಕಾದ್ದು ಆ ಕಾಯುವ ಹೊತ್ತನ್ನು. ಸುಮ್ನೆ ಕಾಯುತ್ತಿರುವ ಇಲಿಯ ಹಿಪೊಕ್ಯಾಂಪಸ್‌ನಲ್ಲಿ ಕೋಶಗಳು ಒಂದಾದ ಮೇಲೊಂದು, ಸರದಿ ಬಂದಂತೆ ಮಿಡಿಯುತ್ತಿದ್ದವು. ಒಂದು ಮೊದಲ ಸೆಕೆಂಡಿಗೆ, ಇನ್ನೊಂದು ಐದನೆಯದಕ್ಕೆ. ಕಾಯುವ ಹೊತ್ತು ಬದಲಿಸಿದಾಗ ಕೆಲವು ತಮ್ಮ ಸರದಿಯನ್ನೂ ಬದಲಿಸಿಕೊಂಡವು. ಇವುಗಳಲ್ಲಿ ಹಲವು ಜಾಗವನ್ನೂ ಗುರುತಿಸುವ ಕೋಶಗಳೇ.

2018ರಲ್ಲಿ ಮೋಸರ್ ತಂಡ ಎಂಟೊರೈನಲ್ ಕಾರ್ಟೆಕ್ಸ್‌ನ ಇನ್ನೊಂದು ಬದಿಯಲ್ಲಿ, ಅನುಭವ ಸಾಗಿದಂತೆ ನಿಧಾನವಾಗಿ ಬದಲಾಗುತ್ತಾ ಹೋಗುವ ಸಂಕೇತವನ್ನು ಗುರುತಿಸಿತು. ಇಲಿ ಒಂದೇ ಸುತ್ತನ್ನು ಮತ್ತೆ ಮತ್ತೆ ಓಡಿದರೆ, ಯಾವ ಸುತ್ತು ಯಾವುದು ಅನ್ನುವ ಗುರುತು ಮಸುಕಾಗುತ್ತಿತ್ತು. ಒಂದೇ ಥರದ ದಿನಗಳು ನಮಗೂ ಕಲಸಿಹೋಗುತ್ತವೆ, ಅಲ್ವಾ?

ಆಲ್ಝೈಮರ್ ಮೊದಮೊದಲು ಹಾಳು ಮಾಡುವ ಭಾಗಗಳಲ್ಲಿ ಈ ಎಂಟೊರೈನಲ್ ಕಾರ್ಟೆಕ್ಸ್ ಒಂದು. ಹೆಸರು ಮರೆತರೆ ಮನೆಯವರಿಗೆ ಗಾಬರಿ. ದಿನಾ ಹೋಗುವ ಬೀದಿಯಲ್ಲಿ ಅಜ್ಜ ದಾರಿ ತಪ್ಪಿದರೆ ‘ವಯಸ್ಸಾಯ್ತು ಬಿಡಿ’ ಅನ್ನುತ್ತೇವೆ. ದಾರಿ ತಪ್ಪುವುದೂ ನೆನಪಿನ ತೊಂದರೆಯೇ ಇರಬಹುದು, ವೈದ್ಯರಿಗೆ ತೋರಿಸಬೇಕು. ವೈದ್ಯರು 1975ರಿಂದ ಬಳಕೆಯಲ್ಲಿರುವ ಒಂದು ಪ್ರಶ್ನೆಪಟ್ಟಿ ಹಿಡಿದು ಕೇಳುತ್ತಾರೆ: ಇವತ್ತು ಯಾವ ವಾರ? ಈಗ ನಾವು ಎಲ್ಲಿದ್ದೇವೆ? ಮತ್ತೆ, ಸ್ವಲ್ಪ ಹೊತ್ತು ಬಿಟ್ಟು: ಆಗಲೇ ನಾನು ಹೇಳಿದ ಮೂರು ಪದ ಯಾವುವು?