ಎದೆಯ ಮೇಲೆ ಎಷ್ಟು ಗಂಟೆ?

ನಮ್ಮ ನವಜಾತ ಶಿಶು ಘಟಕದ ಕೇಸ್ ಶೀಟಿನಲ್ಲಿ ಹಿಂದೆ ಒಂದು ಕಲಂ ಇತ್ತು: ‘ಕಾಂಗರೂ ಆರೈಕೆ: ಹೌದು/ಇಲ್ಲ’. ತೂಕ ಕಡಿಮೆಯಿರುವ ಕೂಸನ್ನು ಬರಿ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಂಡು ಬೆಚ್ಚಗಿಡುವುದೇ ಈ ಆರೈಕೆ. ಹೆಚ್ಚುಕಡಿಮೆ ಎಲ್ಲ ಕೂಸುಗಳಿಗೂ ‘ಹೌದು’ ಎಂದೇ ಗುರುತು ಬೀಳುತ್ತಿತ್ತು. ಹಿರಿಯ ಸಿಸ್ಟರ್ ಒಬ್ಬರು ಒಂದು ದಿನ, “ಹೌದು ಅನ್ನುವುದನ್ನು ಬಿಟ್ಟು ಎಷ್ಟು ಗಂಟೆ ಎಂದು ಬರೆಯೋಣವೇ, ಡಾಕ್ಟರೇ?” ಎಂದು ಕೇಳಿದರು. ಬರೆಯತೊಡಗಿದ ಮೊದಲ ವಾರವೇ ನಿಜಸ್ಥಿತಿ ಕಣ್ಣಿಗೆ ಬಿತ್ತು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಉಳಿದ ಹೊತ್ತೆಲ್ಲ ಕೂಸು ಬಿಸಿ ಸೂಸುವ ಯಂತ್ರವಾದ ವಾರ್ಮರ್ ಕೆಳಗೆ, ತಾಯಿ ಹೊರಗಿನ ಬೆಂಚಿನ ಮೇಲೆ.

ಗಂಟೆಗೆ ಏಕಿಷ್ಟು ಮಹತ್ವ? ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಚರ್ಮದಡಿಯ ಕೊಬ್ಬು ತೀರ ತೆಳು. ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು. ಹಾಗಾಗಿ ಮೈಯ ಬಿಸಿ ಸೋರುತ್ತಲೇ ಇರುತ್ತದೆ. ಆ ಬಿಸಿಯನ್ನು ತುಂಬಿಕೊಳ್ಳಲು ಕುಡಿದ ಹಾಲಿನ ಕಸುವು ಖರ್ಚಾಗುತ್ತದೆ, ತೂಕ ಏರುವುದಿಲ್ಲ. ಇನ್ನೂ ತಣ್ಣಗಾದರೆ ರಕ್ತದ ಸಕ್ಕರೆ ಇಳಿಯುತ್ತದೆ, ಉಸಿರು ತಪ್ಪುತ್ತದೆ. ಎದೆಗೆ ಎದೆ ತಾಗಿಸಿಕೊಂಡಾಗ ತಾಯಿಯ ಮೈಯೇ ಕೂಸನ್ನು ಬೆಚ್ಚಗಿಡುತ್ತದೆ, ಹಾಲೂ ಚೆನ್ನಾಗಿ ಇಳಿಯುತ್ತದೆ. ಎದೆಯಿಂದ ಇಳಿಸಿ ಮಲಗಿಸಿದೊಡನೆ ಸೋರಿಕೆ ಮತ್ತೆ ಶುರು. ಎರಡು ಗಂಟೆಯ ಬಿಸಿ ಇಡೀ ದಿನಕ್ಕೆ ಒದಗುವುದಿಲ್ಲ.

1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಕಾಂಗರೂ ಆರೈಕೆಯನ್ನು ಆರಂಭಿಸಿದ್ದು ಇನ್‌ಕ್ಯುಬೇಟರ್‌ಗಳು ಸಾಲದಿದ್ದಾಗ. ಆ ಹುಟ್ಟಿನ ಕಥೆಯಿಂದಲೇ ‘ಯಂತ್ರವಿಲ್ಲದ ಬಡವರಿಗೆ ಇದು’ ಎಂಬ ತಪ್ಪು ಕಲ್ಪನೆ ನಮ್ಮ ವೈದ್ಯರಲ್ಲೂ ಉಳಿದುಬಿಟ್ಟಿದೆ. ಕೂಸು ಸ್ಥಿರವಾಗಲಿ, ಆಮೇಲೆ ತಾಯಿಗೆ ಕೊಡೋಣ ಎಂದು ನಾವು ಕಾಯುತ್ತಿದ್ದೆವು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ ಆ ಕಾಯುವಿಕೆಯೇ ತಪ್ಪೆಂದು ತೋರಿಸಿತು. 1ರಿಂದ 1.8 ಕಿಲೋ ತೂಕದ ಕೂಸುಗಳನ್ನು ಹುಟ್ಟಿದ ಕೂಡಲೇ ಎದೆಗಿಟ್ಟ ಗುಂಪಿನಲ್ಲಿ 28 ದಿನಗಳೊಳಗೆ ಸತ್ತವು ನೂರಕ್ಕೆ 12. ಸ್ಥಿರವಾಗುವವರೆಗೆ ಕಾದ ಗುಂಪಿನಲ್ಲಿ 15.7. ಘಟಕದಲ್ಲಿದ್ದಷ್ಟು ದಿನ ಮೊದಲ ಗುಂಪಿನ ಕೂಸುಗಳು ದಿನಕ್ಕೆ ಸುಮಾರು 17 ಗಂಟೆ ಎದೆಯ ಮೇಲಿದ್ದವು, ಎರಡನೆಯ ಗುಂಪಿನವು ಒಂದೂವರೆ ಗಂಟೆ. ಈಗಿನ ಸಲಹೆ ದಿನಕ್ಕೆ ಕನಿಷ್ಠ 8 ಗಂಟೆ, ಆದಷ್ಟೂ ಹೆಚ್ಚು.

ಎಂಟು ಗಂಟೆ ಎಂದು ತಾಯಿಗೆ ಹೇಳುವುದು ಸುಲಭ. ಆಕೆ ಎಲ್ಲಿ ಕೂರಬೇಕು? ಸಿಸೇರಿಯನ್ ಹೊಲಿಗೆ ಹಸಿಯಾಗಿರುವ ಹೆಣ್ಣುಮಗಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರೆ ಅರ್ಧ ಗಂಟೆಗೆ ನಡು ಸೋಲುತ್ತದೆ. ನಮ್ಮಲ್ಲಿ ಗಂಟೆಗಳು ಏರಿದ್ದು ತಾಯಂದಿರಿಗೆ ಉಪದೇಶ ಮಾಡಿದ್ದರಿಂದಲ್ಲ. ಬೆನ್ನು ಒರಗಿಸಿಕೊಳ್ಳಬಹುದಾದ ಮಂಚಗಳನ್ನು ಕೂಸುಗಳ ಪಕ್ಕಕ್ಕೇ ತಂದೆವು. ಸುತ್ತ ಪರದೆ ಕಟ್ಟಿದೆವು. ಮುಂದೆ ಬಿಚ್ಚುವ ಸಡಿಲ ಅಂಗಿ ಹೊಲಿಸಿದೆವು. ಊಟವನ್ನು ಮಂಚಕ್ಕೇ ತಲುಪಿಸಿದೆವು. “ತಾಯಿಗೆ ಆಸಕ್ತಿಯಿಲ್ಲ” ಎಂದು ಷರಾ ಬರೆಸಿಕೊಂಡಿದ್ದ ಒಬ್ಬಾಕೆ ಪರದೆ ಬಂದ ದಿನವೇ ಆರು ಗಂಟೆ ಕೂಸನ್ನು ಇಳಿಸಲಿಲ್ಲ. ಆಕೆಗೆ ಇದ್ದದ್ದು ಓಡಾಡುವವರ ಕಣ್ಣಿಗೆ ಬೀಳುವ ಸಂಕೋಚ. ಆ ಷರಾ ಬರೆದವರು ನಾವು ಎಂಬುದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಕಟ್ಟಿಕೊಳ್ಳುವ ಕ್ರಮ ಕಷ್ಟದ್ದಲ್ಲ. ಕೂಸಿಗೆ ಕುಲಾವಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೆ ಬಟ್ಟೆ ಬೇಡ. ಎರಡು ಮೊಲೆಗಳ ನಡುವೆ ನೆಟ್ಟಗೆ, ಕಾಲುಗಳು ಕಪ್ಪೆಯಂತೆ ಮಡಚಿ, ಮುಖ ಒಂದು ಬದಿಗೆ. ಕುತ್ತಿಗೆ ಮುಂದಕ್ಕೆ ಬಾಗದಂತೆ ನೋಡಿಕೊಳ್ಳಬೇಕು, ಮೂಗು ಬಾಯಿ ಸದಾ ಕಾಣಬೇಕು. ಮೆತ್ತನೆಯ ಬಟ್ಟೆಯಿಂದ ಬಿಗಿಯಾಗಿ ಸುತ್ತಿದರೆ ತಾಯಿ ಒರಗಿಕೊಂಡೇ ನಿದ್ದೆ ಮಾಡಬಹುದು, ಅಂಗಾತ ಮಲಗಬಾರದು. ಚೀಪಲು ಶಕ್ತಿ ಸಾಲದ ಕೂಸಿಗೆ ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ ಕುಡಿಸಬೇಕು.

ತಾಯಿ ಸ್ನಾನಕ್ಕೋ ಊಟಕ್ಕೋ ಎದ್ದಾಗ ಯಾರು? ಇಲ್ಲಿ ಅಜ್ಜಿಯರು ಮುಖ್ಯ. “ಎದೆ ತೆರೆದು ಕೂತರೆ ಬಾಣಂತಿಗೆ ಶೀತವಾಗುವುದಿಲ್ಲವೇ?” ಎಂಬ ಅವರ ಪ್ರಶ್ನೆಯನ್ನು ಮೂಢನಂಬಿಕೆ ಎಂದು ತಳ್ಳುವ ಕಿರಿಯ ವೈದ್ಯರನ್ನು ನಾನು ತಡೆಯುತ್ತೇನೆ. ಅದು ಸೊಸೆಯ ಮೇಲಿನ, ಮಗಳ ಮೇಲಿನ ಕಾಳಜಿ. ಮೇಲೊಂದು ಶಾಲು ಹೊದಿಸಲು ಅವರಿಗೇ ಹೇಳಿದರೆ ಅರ್ಧ ತಕರಾರು ಕರಗುತ್ತದೆ. ಗಂಡಸಿನ ಎದೆಯ ಮೇಲೆ ಕೂಸು ಬೆಚ್ಚಗಿರುತ್ತದೆಯೇ ಎಂದು ಅನುಮಾನಿಸಿದ ಅಜ್ಜಿಯೊಬ್ಬರಿಗೆ, ತಂದೆ ಒಂದು ಗಂಟೆ ಎತ್ತಿಕೊಂಡ ಬಳಿಕ ಥರ್ಮಾಮೀಟರ್ ತೋರಿಸಿದೆ: 36.8 ಡಿಗ್ರಿ. “ಹಾಗಾದರೆ ರಾತ್ರಿ ಸರದಿ ಇವನಿಗೇ ಇರಲಿ” ಎಂದರು.

ನಿಜವಾದ ತೊಡಕು ಮನೆಗೆ ಹೋದ ಮೇಲೆ. ಕೊಪ್ಪಳ ಜಿಲ್ಲೆಯಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತಿತರರು ಸರ್ಕಾರದೊಂದಿಗೆ ಸೇರಿ ನಡೆಸಿದ ಕೆಲಸದಲ್ಲೂ ಆಸ್ಪತ್ರೆಯಲ್ಲಿ ಕಂಡ ಪ್ರಗತಿ ಮನೆಯಲ್ಲಿ ಅಷ್ಟೇ ಗಟ್ಟಿಯಾಗಿ ಉಳಿಯಲಿಲ್ಲ. ಮನೆಯಲ್ಲಿ ಬೇರೆಯದೇ ಬಾಣಂತನ ಕಾದಿರುತ್ತದೆ: ಎಣ್ಣೆ ತಿಕ್ಕಿ ನೀರೆರೆಯುವುದು, ಲೋಬಾನದ ಹೊಗೆ, ಬಟ್ಟೆಯಲ್ಲಿ ಬಿಗಿದು ತೊಟ್ಟಿಲಿಗೆ ಹಾಕುವುದು. ಪುಟ್ಟ ಕೂಸಿಗೆ ತೂಕ ಏರುವವರೆಗೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಹೊಗೆ ಬೇಡವೇ ಬೇಡ. ಬಿಡುಗಡೆಗೆ ಮುನ್ನ ನಾನು ಮನೆಯವರನ್ನು ಕೂರಿಸಿ ಕೇಳುತ್ತೇನೆ: ರಾತ್ರಿ ಹತ್ತಕ್ಕೆ ಕೂಸು ಯಾರ ಎದೆಯ ಮೇಲೆ? ಎರಡು ಗಂಟೆಗೆ? ತಾಯಿ ಊಟ ಮಾಡುವಾಗ? ಹೆಸರುಗಳು ಬರುವವರೆಗೆ ಬಿಡುಗಡೆಯ ಕಾಗದಕ್ಕೆ ಸಹಿ ಹಾಕುವುದಿಲ್ಲ. ಆ ಪಟ್ಟಿಯ ಒಂದು ಪ್ರತಿ ಆಶಾ ಕಾರ್ಯಕರ್ತೆಗೂ ಹೋಗುತ್ತದೆ. ಕೂಸು ಹಾಲು ಬಿಟ್ಟರೆ, ತಣ್ಣಗಾದರೆ, ಉಸಿರಾಡುವಾಗ ಎದೆ ಒಳಸೆಳೆದರೆ ಕೂಡಲೇ ಕರೆತನ್ನಿ ಎಂದೂ ಅದರಲ್ಲೇ ಬರೆದಿರುತ್ತೇವೆ.

ಎಷ್ಟು ದಿನ ಹೀಗೆ ಎಂದು ಎಲ್ಲರೂ ಕೇಳುತ್ತಾರೆ. ತೂಕ ಎರಡೂವರೆ ಕಿಲೋ ಮುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ಕೂಸೇ ತಿಳಿಸುತ್ತದೆ: ಕಟ್ಟಿದ ಬಟ್ಟೆಯೊಳಗಿಂದ ಕೈಕಾಲು ಒದ್ದು, ಮೈ ಸೆಟೆದು, ಮತ್ತೆ ಮತ್ತೆ ಹೊರಬರಲು ಹೆಣಗುತ್ತದೆ. ಆಗ ಬಿಡಿ.