ಸಾಲು ಎತ್ತುವ ಮಕ್ಕಳು, ಪೇಪರ್ ಎಣಿಸುವ ಅಪ್ಪ ಅಮ್ಮ

ಪಿಯುಸಿ ಮಕ್ಕಳು ಇಂಗ್ಲಿಷ್ ಪ್ಯಾಸೇಜ್, ಅಂದರೆ ಓದಿ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರೆಯಬೇಕಾದ ಗದ್ಯಭಾಗ, ಹೇಗೆ ಬಿಡಿಸುತ್ತಾರೆ ಅಂತ ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ಪ್ಯಾಸೇಜನ್ನು ಓದುವುದೇ ಇಲ್ಲ. ಸೀದಾ ಪ್ರಶ್ನೆಗೆ ಹೋಗುತ್ತಾರೆ. ಅದರಲ್ಲಿ ಒಂದು ದೊಡ್ಡ ಪದ ಹಿಡಿಯುತ್ತಾರೆ. ಆ ಪದ ಮೇಲೆ ಎಲ್ಲಿದೆ ಅಂತ ಬೆರಳಿಟ್ಟು ಹುಡುಕುತ್ತಾರೆ. ಸಿಕ್ಕಿತೋ, ಆ ಸಾಲನ್ನು ಮೊದಲ ಅಕ್ಷರದಿಂದ ಫುಲ್‌ಸ್ಟಾಪ್‌ವರೆಗೆ ಹಾಗೇ ಎತ್ತಿ ಉತ್ತರ ಪತ್ರಿಕೆಗೆ ಇಳಿಸಿಬಿಡುತ್ತಾರೆ. ಮುಗೀತು, ಮುಂದಿನ ಪ್ರಶ್ನೆ. ಹಣ್ಣು ಯಾವುದು ಕಾಯಿ ಯಾವುದು ನೋಡದೆ ಕಾಫಿ ರೆಂಬೆಯನ್ನು ಒಂದೇ ಸಲ ಜಗ್ಗಿ ಚೀಲಕ್ಕೆ ಹಾಕಿದ ಹಾಗೆ. ಕೊಡಗಿನಲ್ಲಿ ಪಿಯು ಇಂಗ್ಲಿಷ್ ಪಾಠ ಮಾಡಿಕೊಂಡು ಬಂದಿರುವ ನನಗೆ ಇದನ್ನು ನೋಡಿ ನೋಡಿ ಸಾಕಾಗಿದೆ. ಆದ್ದರಿಂದ ಇವತ್ತು ಇದೊಂದನ್ನೇ ಬರೆಯುತ್ತೇನೆ. ಬಾಕಿ ವ್ಯಾಕರಣ ಪಾಠ ಎಲ್ಲಾ ಕಡೆ ಸಿಗುತ್ತದೆ.

ಈ ಅಭ್ಯಾಸ ಯಾಕೆ ಬಿಡುವುದಿಲ್ಲ ಅಂದರೆ, ಇದಕ್ಕೆ ಅಂಕ ಬರುತ್ತದೆ. ಸೆಕೆಂಡ್ ಪಿಯುಸಿ ಪ್ಯಾಸೇಜ್ ಕೆಳಗೆ ಇರುವುದು ಒಂದೊಂದು ಅಂಕದ ಚಿಕ್ಕ ಪ್ರಶ್ನೆಗಳು. ಯಾರು, ಎಲ್ಲಿ, ಯಾವಾಗ ಅಂತ ನೇರವಾಗಿ ಕೇಳುವವೇ ಜಾಸ್ತಿ. ಅಲ್ಲಿ ಸಾಲು ಎತ್ತಿ ಬರೆದವರಿಗೂ ಅಂಕ ಕೊಡಬೇಕಾಗುತ್ತದೆ, ನಾನೂ ಕೊಡುತ್ತೇನೆ. 2023-24ರಿಂದ ಥಿಯರಿಗೆ 80, ಇಂಟರ್ನಲ್‌ಗೆ 20 ಅಂತ ಆದ ಮೇಲಂತೂ ‘ಪಾಸಿಗೇನೂ ತೊಂದರೆ ಇಲ್ಲ ಮೇಡಂ’ ಅನ್ನುವ ಧೈರ್ಯ ಇನ್ನೂ ಬಂದಿದೆ. ಹೀಗಾಗಿ ತನಗೆ ಓದಲು ಬರುತ್ತಿಲ್ಲ ಅನ್ನುವ ವಿಷಯ ಆ ಹುಡುಗನಿಗೇ ಗೊತ್ತಾಗುವುದಿಲ್ಲ. ಅವನ ಮನೆಯವರಿಗೆ ಹೇಗೆ ಗೊತ್ತಾಗಬೇಕು?

ಒಂದು ಉದಾಹರಣೆ ಕೊಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ. ನನ್ನ ಕ್ಲಾಸಿಗೆ ಪ್ಯಾಸೇಜ್‌ಗಳನ್ನು ಎಷ್ಟೋ ಸಲ ನಾನೇ ಬರೆಯುತ್ತೇನೆ, ನಮ್ಮ ಮಕ್ಕಳಿಗೆ ಗೊತ್ತಿರುವ ವಿಷಯದ ಮೇಲೆ. ಒಂದು ಸಲ ರೊಬಸ್ಟಾ ಕಾಫಿಯ ಹೂಮಳೆ ಬಗ್ಗೆ ಬರೆದಿದ್ದೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಮಳೆ ಬಿದ್ದರೆ ಹೂವಾಗುತ್ತದೆ, ಮಳೆ ತಡವಾದರೆ ಕಷ್ಟ, ಅಷ್ಟೇ ವಿಷಯ. ಅದರಲ್ಲಿ ಎರಡು ವಾಕ್ಯ ಹೀಗಿದ್ದವು. ಮೊದಲನೆಯದು: ‘ದಿ ಪ್ಲಾಂಟರ್ ಹೂ ಹ್ಯಾಸ್ ವಾಟರ್ ಇನ್ ಹಿಸ್ ಟ್ಯಾಂಕ್ ಟರ್ನ್ಸ್ ಆನ್ ದಿ ಸ್ಪ್ರಿಂಕ್ಲರ್ಸ್ ಅಂಡ್ ಪೇಸ್ ಫಾರ್ ಡೀಸೆಲ್.’ ಕೆರೆಯಲ್ಲಿ ನೀರಿರುವ ಬೆಳೆಗಾರ ಸ್ಪ್ರಿಂಕ್ಲರ್ ಹಾಕಿ ಡೀಸೆಲ್‌ಗೆ ದುಡ್ಡು ಕೊಡುತ್ತಾನೆ ಅಂತ. ಎರಡನೆಯದು: ‘ದಿ ಒನ್ ಹೂ ಹ್ಯಾಸ್ ನನ್ ವೇಯ್ಟ್ಸ್, ದೋ ವೇಯ್ಟಿಂಗ್ ಕಾಸ್ಟ್ಸ್ ಹಿಮ್ ಮೋರ್ ದ್ಯಾನ್ ಡೀಸೆಲ್ ವುಡ್ ಹ್ಯಾವ್.’ ಪ್ರಶ್ನೆ ಇಷ್ಟೇ: ‘ವಿಚ್ ಪ್ಲಾಂಟರ್ ಲೂಸಸ್ ಮೋರ್?’ ಯಾವ ಬೆಳೆಗಾರನಿಗೆ ಜಾಸ್ತಿ ನಷ್ಟ ಅಂತ.

ಅರ್ಧಕ್ಕಿಂತ ಜಾಸ್ತಿ ಮಕ್ಕಳು ಮೊದಲನೇ ವಾಕ್ಯವನ್ನು ಎತ್ತಿ ಬರೆದರು. ಯಾಕೆ? ಪ್ರಶ್ನೆಯಲ್ಲಿ ‘ಪ್ಲಾಂಟರ್’ ಅಂತ ಇದೆ, ಆ ಪದ ಇರುವುದು ಮೊದಲನೇ ವಾಕ್ಯದಲ್ಲಿ. ದುಡ್ಡು ಕೊಡುವ ವಿಷಯವೂ ಅಲ್ಲೇ ಬಂದಿದೆ. ಎರಡನೇ ವಾಕ್ಯದಲ್ಲಿ ‘ಪ್ಲಾಂಟರ್’ ಅನ್ನುವ ಪದವೇ ಇಲ್ಲ, ಹಾಗಾಗಿ ಬೆರಳು ಅಲ್ಲಿಗೆ ಹೋಗಲೇ ಇಲ್ಲ.

ಈಗ ಎರಡನೇ ವಾಕ್ಯವನ್ನು ನಿಧಾನಕ್ಕೆ ನೋಡೋಣ. ಅದರಲ್ಲಿ ಡಿಕ್ಷನರಿ ತೆಗೆಯಬೇಕಾದ ಒಂದು ಪದವೂ ಇಲ್ಲ. ಆದರೂ ಮಕ್ಕಳು ಬೀಳುವುದು ಅಲ್ಲೇ. ‘ದಿ ಒನ್’ ಅಂದರೆ ಯಾರು? ಇನ್ನೊಬ್ಬ ಬೆಳೆಗಾರ. ಅದನ್ನು ತಿಳಿಯಲು ಹಿಂದಿನ ವಾಕ್ಯಕ್ಕೆ ಹೋಗಬೇಕು. ‘ನನ್’ ಅಂದರೆ ಏನು ಇಲ್ಲದವನು? ಕೆರೆಯಲ್ಲಿ ನೀರು ಇಲ್ಲದವನು. ಅದಕ್ಕೂ ಹಿಂದೆ ಹೋಗಬೇಕು. ‘ಹಿಮ್’ ಯಾರು? ಈ ನೀರಿಲ್ಲದವನೇ. ಕೊನೆಯ ‘ವುಡ್ ಹ್ಯಾವ್’ ಅಂದರೆ? ಅಲ್ಲಿ ಒಂದು ಕ್ರಿಯಾಪದ ಬಿಟ್ಟುಹೋಗಿದೆ, ‘ಕಾಸ್ಟ್’ ಅಂತ ನಾವೇ ಸೇರಿಸಿಕೊಂಡು ಓದಬೇಕು. ಅವನು ಡೀಸೆಲ್‌ಗೆ ಖರ್ಚು ಮಾಡಲಿಲ್ಲ, ಮಾಡಿದ್ದರೆ ಇಷ್ಟು ಹೋಗುತ್ತಿರಲಿಲ್ಲ ಅನ್ನುವುದೆಲ್ಲ ಆ ಎರಡು ಪುಟ್ಟ ಪದಗಳಲ್ಲಿದೆ. ಹೀಗೆ ನಾಲ್ಕು ಸಲ ಹಿಂದಕ್ಕೂ ಮುಂದಕ್ಕೂ ಹೋಗಿ ಬಂದ ಮೇಲೆ ಉತ್ತರ ಸಿಗುತ್ತದೆ: ಕೆರೆಯಲ್ಲಿ ನೀರಿಲ್ಲದ ಬೆಳೆಗಾರ. ಈ ಉತ್ತರ ಪ್ಯಾಸೇಜ್‌ನ ಯಾವ ಸಾಲಿನಲ್ಲೂ ಹೀಗೇ ಅಂತ ಬರೆದಿಲ್ಲ. ನಾವೇ ಕಟ್ಟಿ ಬರೆಯಬೇಕು.

ಓದುವುದು ಅಂದರೆ ಈ ಹೋಗಿ ಬರುವ ಕೆಲಸ. ಇದು ಬೋರ್ಡಿನವರಿಗೂ ಗೊತ್ತು. ಅದಕ್ಕೇ ಅಡಿಗೆರೆ ಎಳೆದ ಪದಗಳು ಯಾವುದನ್ನು ಸೂಚಿಸುತ್ತವೆ ಅಂತ ಪ್ರತ್ಯೇಕವಾಗಿ ಒಂದು ಪ್ರಶ್ನೆ ಕೇಳುತ್ತಾರೆ. ನಮ್ಮ ಮಕ್ಕಳು ಅದಕ್ಕೂ ಒಂದು ಶಾರ್ಟ್‌ಕಟ್ ಕಂಡುಹಿಡಿದಿದ್ದಾರೆ. ಅಡಿಗೆರೆ ಪದದ ಹಿಂದೆ ಹತ್ತಿರದಲ್ಲಿ ಯಾವ ನಾಮಪದ ಇದೆಯೋ ಅದನ್ನು ಬರೆಯುವುದು. ಮೇಲಿನ ವಾಕ್ಯಗಳಲ್ಲಿ ‘ಹಿಮ್’ ಅಂದರೆ ಯಾರು ಅಂತ ಕೇಳಿದ್ದಕ್ಕೆ ‘ಡೀಸೆಲ್’ ಅಂತ ಬರೆದವರಿದ್ದಾರೆ. ಕಾಯುತ್ತಾ ಕೂತದ್ದು ಡೀಸೆಲ್! ಮನೆಯಲ್ಲಿ ಅಪ್ಪ ಮಾರ್ಚ್ ತಿಂಗಳಿಡೀ ಆಕಾಶ ನೋಡಿಕೊಂಡು ಬೈಯುವುದನ್ನು ಕೇಳಿಯೇ ಬೆಳೆದ ಹುಡುಗ ಅವನು. ವಿಷಯ ಗೊತ್ತಿಲ್ಲದೆ ಬರೆದದ್ದಲ್ಲ, ಸುಮ್ನೆ ಓದದೆ ಬರೆದದ್ದು.

ಇದಕ್ಕೆ ಪೂರ್ತಿ ಉಲ್ಟಾ ಇರುವ ಮಕ್ಕಳೂ ಇದ್ದಾರೆ, ಅವರನ್ನು ಕಂಡರೆ ನನಗೆ ಸಿಟ್ಟಿಗಿಂತ ನಗು ಜಾಸ್ತಿ. ಅರೇಬಿಕಾವನ್ನು ಸಾಮಾನ್ಯವಾಗಿ 1000 ಮೀಟರ್‌ಗಿಂತ ಎತ್ತರದಲ್ಲಿ, ರೊಬಸ್ಟಾವನ್ನು ಅದಕ್ಕಿಂತ ಕೆಳಗೆ ಬೆಳೆಯುತ್ತಾರೆ ಅಂತ ಇನ್ನೊಂದು ಪ್ಯಾಸೇಜ್‌ನಲ್ಲಿ ಬರೆದಿದ್ದೆ. ಪ್ಯಾಸೇಜ್ ಪ್ರಕಾರ ರೊಬಸ್ಟಾ ಎಲ್ಲಿ ಬೆಳೆಯುತ್ತದೆ ಅಂತ ಪ್ರಶ್ನೆ. ಮಡಿಕೇರಿ ಪಕ್ಕದ ಒಬ್ಬ ಹುಡುಗ ಪ್ಯಾಸೇಜನ್ನು ಬದಿಗಿಟ್ಟು, ತಮ್ಮ ಮನೆ ಮೇಲಿನ ಗುಡ್ಡದಲ್ಲೂ ರೊಬಸ್ಟಾ ಇದೆ, ಅಜ್ಜ ಹಾಕಿದ್ದು, ಚೆನ್ನಾಗಿಯೇ ಬರುತ್ತದೆ ಅಂತ ಅರ್ಧ ಪುಟ ಬರೆದಿದ್ದ. ಇಂಗ್ಲಿಷ್ ಕೂಡ ಪರವಾಗಿಲ್ಲ. ಅಂಕ ಕೊಡಲಿಲ್ಲ. ‘ಸುಳ್ಳು ಬರೆದಿಲ್ಲ ಮೇಡಂ’ ಅಂದ. ನಿನ್ನ ಅಜ್ಜನ ತೋಟದ ಬಗ್ಗೆ ಯಾರೂ ಕೇಳಿಲ್ಲ ಮಗನೇ, ಇಲ್ಲಿ ಬರೆದಿರುವವನು ಏನು ಹೇಳಿದ್ದಾನೆ ಅಂತ ಕೇಳಿದ್ದಾರೆ, ಅಂದೆ. ಒಪ್ಪಲಿಲ್ಲ ಅಂತ ಕಾಣುತ್ತದೆ. ಆದರೆ ಒಂದು ಮಾತು, ಇವನು ವಾಕ್ಯದ ಜೊತೆ ಜಗಳಕ್ಕೆ ನಿಂತ. ಜಗಳ ಆಡಬೇಕಾದರೂ ಓದಲೇಬೇಕಲ್ವಾ.

ಈಗ ಅಪ್ಪ ಅಮ್ಮಂದಿರ ವಿಷಯ. ಪೇರೆಂಟ್ಸ್ ಮೀಟಿಂಗ್‌ಗೆ ಬಂದವರು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಕ್ವೆಶ್ಚನ್ ಪೇಪರ್ ಮಾಡಿಸಿದ್ದೀರಿ?’ ಹತ್ತು ಅಂದರೆ ಇಪ್ಪತ್ತು ಮಾಡಿಸಿ ಅನ್ನುತ್ತಾರೆ. ಪಕ್ಕದ ಮನೆಯವನು ಟ್ಯೂಷನ್‌ನಲ್ಲಿ ಮೂವತ್ತು ಮುಗಿಸಿದ್ದಾನಂತೆ. ಸಂತೋಷ. ಆದರೆ ಆ ಮೂವತ್ತರಲ್ಲಿ ತಪ್ಪಾದ ಉತ್ತರಗಳಿಗೆ ಏನಾಯಿತು ಅಂತ ಯಾರಾದರೂ ಕೇಳಿದ್ದೀರಾ? ಜುಲೈನಲ್ಲಿ ನಮ್ಮಲ್ಲಿ ಮಳೆ ರಜೆ ಕೊಡುತ್ತಾರಲ್ಲ, ಆಗ ಮನೆಯಲ್ಲಿ ಮಾಡಿ ಕಳಿಸಿ ಅಂತ ಪೇಪರ್ ಕೊಡುತ್ತೇನೆ. ಕರೆಂಟ್ ಬಂದು, ನೆಟ್‌ವರ್ಕ್ ಸಿಕ್ಕಾಗ ವಾಟ್ಸಾಪ್‌ನಲ್ಲಿ ಫೋಟೋ ಬರುತ್ತದೆ. ಎಲ್ಲದಕ್ಕೂ ಕೆಂಪು ಶಾಯಿಯ ಟಿಕ್, ಅವರೇ ಹಾಕಿಕೊಂಡದ್ದು. ನಾಲ್ಕನೇ ಉತ್ತರ ಹೀಗೆ ಯಾಕೆ ಅಂತ ವಾಪಸ್ ಕೇಳಿದರೆ ಉತ್ತರ ಒಂದೇ, ‘ಕೀ ಆನ್ಸರ್‌ನಲ್ಲಿ ಹಾಗೇ ಇದೆ ಮೇಡಂ.’ ಅಂದರೆ ತಪ್ಪಾಗಿದ್ದನ್ನು ಅಳಿಸಿ, ಕೀ ನೋಡಿ ಸರಿ ಬರೆದು, ಟಿಕ್ ಹಾಕಿ, ಫೋಟೋ ತೆಗೆದು ಕಳಿಸಿದ್ದಾರೆ. ಇದಕ್ಕೆ ಪ್ರಾಕ್ಟೀಸ್ ಅಂತ ಹೆಸರು.

ನಾನು ಮಾಡಿಸುವುದು ಹೀಗೆ. ವಾರಕ್ಕೆ ಒಂದೇ ಪ್ಯಾಸೇಜ್. ಮೊದಲ ದಿನ ಕೀ ಇಲ್ಲ, ಡಿಕ್ಷನರಿ ಇಲ್ಲ, ಫೋನ್ ಅಂತೂ ಇಲ್ಲವೇ ಇಲ್ಲ. ಪ್ರಶ್ನೆ ನೋಡುವ ಮೊದಲು ಪ್ಯಾಸೇಜ್ ಮುಚ್ಚಿಟ್ಟು ಅದರಲ್ಲಿ ಏನಿದೆ ಅಂತ ಪಕ್ಕದವರಿಗೆ ಹೇಳಬೇಕು. ಯಾವ ಭಾಷೆಯಲ್ಲಿ ಬೇಕಾದರೂ ಹೇಳಲಿ, ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಏನಾದರೂ ಸರಿ. ಹೇಳಲು ಬಂದರೆ ಓದಿದ್ದಾರೆ ಅಂತ ಲೆಕ್ಕ. ಆಮೇಲೆ ಉತ್ತರ ಬರೆದು, ಪ್ರತಿ ಉತ್ತರದ ಪಕ್ಕ ಅದು ಯಾವ ಯಾವ ಸಾಲಿನಿಂದ ಬಂತು ಅಂತ ಸಾಲಿನ ನಂಬರ್ ಹಾಕಬೇಕು. ಮಾರನೇ ದಿನ ಕೀ ಕೊಡುತ್ತೇನೆ. ತಪ್ಪಾದದ್ದನ್ನು ಅಳಿಸುವಂತಿಲ್ಲ. ಅದರ ಕೆಳಗೆ ಎರಡು ಸಾಲು ಬರೆಯಬೇಕು, ನಾನು ಯಾವ ಪದ ನೋಡಿ ಮೋಸ ಹೋದೆ, ಯಾವ ಪದವನ್ನು ನೋಡಲೇ ಇಲ್ಲ ಅಂತ. ಈ ಎರಡು ಸಾಲು ಬರೆಸುವಷ್ಟರಲ್ಲಿ ನನ್ನ ಗಂಟಲು ಹೋಗುತ್ತದೆ. ‘ಗಮನ ಕೊಡಲಿಲ್ಲ’, ‘ಸಿಲ್ಲಿ ಮಿಸ್ಟೇಕ್’ ಅಂತ ಬರೆದು ತರುತ್ತಾರೆ. ಅದು ಕಾರಣ ಅಲ್ಲ, ಕ್ಷಮಾಪಣೆ ಪತ್ರ. ‘ಆದರೂ’ ಅನ್ನುವ ಅರ್ಥದ ‘ದೋ’ ಬಿಟ್ಟು ಓದಿದೆ ಅಂತ ಬರೆದರೆ ಅದು ಕಾರಣ. ಹೀಗೆ ಸ್ವಲ್ಪ ದಿನ ಬರೆದ ಮೇಲೆ ತಾನು ಯಾವ ಜಾಗದಲ್ಲಿ ಬೀಳುತ್ತೇನೆ ಅಂತ ಮಗುವಿಗೇ ಕಾಣತೊಡಗುತ್ತದೆ. ಹೆಚ್ಚಿನವರು ‘ದೋ’, ‘ಅನ್‌ಲೆಸ್’, ‘ಹಾರ್ಡ್ಲಿ’, ‘ಫ್ಯೂ’ ಇಂಥ ಸಣ್ಣ ಪದಗಳ ಹತ್ತಿರವೇ ಬೀಳುತ್ತಾರೆ. ಉದ್ದುದ್ದ ಪದಗಳ ಹತ್ತಿರ ಬೀಳುವವರು ಕಡಿಮೆ.

ವೊಕ್ಯಾಬ್ಯುಲರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದಿನಕ್ಕೆ ಇಪ್ಪತ್ತು ಪದ, ಅರ್ಥದ ಪಟ್ಟಿ, ಅದನ್ನೆಲ್ಲ ಮಾಡಬೇಡಿ. ಪದ ಸಿಕ್ಕಿದ ವಾಕ್ಯವನ್ನು ಪೂರ್ತಿ ಬರೆದಿಟ್ಟುಕೊಳ್ಳಿ, ಸಾಕು.

ವ್ಯಾಕರಣದಲ್ಲೂ ಇದೇ ಕಥೆ. ರಿಪೋರ್ಟೆಡ್ ಸ್ಪೀಚ್ ತೆಗೆದುಕೊಳ್ಳಿ, ಅಂದರೆ ಒಬ್ಬರು ಆಡಿದ ಮಾತನ್ನು ನಾವು ತಿಳಿಸುವ ರೀತಿ. ‘ನೌ’ ಇದ್ದರೆ ‘ದೆನ್’, ‘ಟುಮಾರೋ’ ಇದ್ದರೆ ‘ದಿ ನೆಕ್ಸ್ಟ್ ಡೇ’ ಅಂತ ಟೇಬಲ್ ಬಾಯಿಪಾಠ. ಒಂದಕ್ಷರ ತಪ್ಪುವುದಿಲ್ಲ. ಆದರೆ ಮಾತಾಡಿದ್ದು ಯಾರು, ಕೇಳಿಸಿಕೊಂಡದ್ದು ಯಾರು ಅಂತ ನೋಡದೆ ಹೋದರೆ ‘ಐ’ ಹೋಗಿ ‘ಹೀ’ ಆಗಬೇಕೋ ‘ಶೀ’ ಆಗಬೇಕೋ ಹೇಗೆ ಗೊತ್ತಾಗುತ್ತದೆ? ಅಮ್ಮ ಮಗನಿಗೆ ಹೇಳಿದ ಮಾತನ್ನು ಮಗ ಅಮ್ಮನಿಗೆ ಹೇಳಿದ ಹಾಗೆ ಬರೆದು, ಟೆನ್ಸ್ ಮಾತ್ರ ಸರಿಯಾಗಿ ಬದಲಾಯಿಸಿರುತ್ತಾರೆ.

‘ನಮ್ಮ ಮನೆಯಲ್ಲಿ ಇಂಗ್ಲಿಷ್ ವಾತಾವರಣ ಇಲ್ಲ, ಅದಕ್ಕೇ ಹೀಗೆ’ ಅಂತ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಎಲ್ಲರ ಬಗ್ಗೆ ಒಂದೇ ಮಾತು ಹೇಳಲು ಬರುವುದಿಲ್ಲ, ಮಾತಾಡುವ ಧೈರ್ಯಕ್ಕೆ ವಾತಾವರಣ ಬೇಕು, ಒಪ್ಪುತ್ತೇನೆ. ಆದರೆ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದವರೂ ಸಾಲು ಎತ್ತುತ್ತಾರೆ. ಒಳ್ಳೆ ಉಚ್ಚಾರಣೆಯಲ್ಲಿ ಎತ್ತುತ್ತಾರೆ, ಅಷ್ಟೇ ವ್ಯತ್ಯಾಸ. ಇನ್ನೊಂದು ಕಡೆ, ಸಿದ್ದಾಪುರ ಕಡೆಯ ತೋಟದ ಲೈನ್ ಮನೆಯಿಂದ, ಅಂದರೆ ಕಾರ್ಮಿಕರ ಸಾಲುಮನೆಯಿಂದ, ಬರುತ್ತಿದ್ದ ಒಬ್ಬ ಹುಡುಗಿ ಇದ್ದಳು. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಮನೆಯಲ್ಲಿ ಯರವ ಭಾಷೆ, ಅಂಗಡಿಯಲ್ಲಿ ಮಲಯಾಳಂ, ಸ್ಕೂಲಲ್ಲಿ ಕನ್ನಡ, ತೋಟದ ಮನೆಯವರ ಜೊತೆ ಕೊಡವ ತಕ್ಕ್. ಸ್ಪೆಲಿಂಗ್ ಕೇಳಬೇಡಿ, ದೇವರಿಗೇ ಪ್ರೀತಿ. ಆದರೆ ಪ್ಯಾಸೇಜ್‌ನಲ್ಲಿ ಯಾರ ಬಗ್ಗೆ ಯಾರು ಮಾತಾಡುತ್ತಿದ್ದಾರೆ ಅಂತ ಅವಳಷ್ಟು ಬೇಗ ಹಿಡಿದವರು ಆ ಕ್ಲಾಸಿನಲ್ಲಿ ಇರಲಿಲ್ಲ. ಗೊತ್ತಿಲ್ಲದ ಪದ ಬಂದರೆ ಹೆದರುತ್ತಿರಲಿಲ್ಲ, ಮುಂದಿನ ವಾಕ್ಯ ನೋಡೋಣ ಅಂತ ದಾಟಿಕೊಂಡು ಹೋಗುತ್ತಿದ್ದಳು.

ನಮ್ಮ ಜಿಲ್ಲೆಯಲ್ಲಿ ಸೈನ್ಯಕ್ಕೆ ಹೋಗುವ ಆಸೆ ಇರುವ ಮಕ್ಕಳು ಬಹಳ. ಅವರಿಗೆ ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಸೈನ್ಯದಲ್ಲಿ ಅಧಿಕಾರಿಯಾಗಲು ಬರೆಯುವ ಎನ್‌ಡಿಎ ಪರೀಕ್ಷೆಯ ಜನರಲ್ ಎಬಿಲಿಟಿ ಪೇಪರ್ 600 ಅಂಕದ್ದು, ಅದರಲ್ಲಿ ಇಂಗ್ಲಿಷ್‌ಗೇ 200. ಅಲ್ಲಿ ನಾಲ್ಕು ಆಯ್ಕೆ ಕೊಟ್ಟಿರುತ್ತಾರೆ, ತಪ್ಪಾದರೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಮೈನಸ್ ಆಗುತ್ತದೆ. ಇಂಥ ಪರೀಕ್ಷೆಗಳಲ್ಲಿ ಪ್ಯಾಸೇಜ್‌ನ ಪದಗಳನ್ನೇ ಹಾಗೇ ಇಟ್ಟು ಅರ್ಥ ಸ್ವಲ್ಪ ತಿರುಚಿದ ಒಂದು ಆಯ್ಕೆ ಇರುವುದು ಸಾಮಾನ್ಯ. ಸರಿಯಾದ ಉತ್ತರ ಬೇರೆ ಪದಗಳಲ್ಲಿ ಪಕ್ಕದಲ್ಲೇ ಕೂತಿರುತ್ತದೆ. ಬೆರಳಿಟ್ಟು ಪದ ಹುಡುಕುವವನು ಎಲ್ಲಿಗೆ ಹೋಗುತ್ತಾನೆ, ನೀವೇ ಹೇಳಿ.

ಒಂದು ಎಚ್ಚರಿಕೆ. ಕೆಲವು ಮಕ್ಕಳಿಗೆ ಓದುವುದರಲ್ಲೇ ನಿಜವಾದ ತೊಂದರೆ ಇರುತ್ತದೆ, ಅಕ್ಷರ ಹಿಂದೆ ಮುಂದೆ ಆಗುವುದು, ಸಾಲು ತಪ್ಪಿಹೋಗುವುದು, ಕನ್ನಡ ಓದುವಾಗಲೂ ಹಾಗೇ ಆಗುವುದು. ಅಂಥವರಿಗೆ ನಾನು ಮೇಲೆ ಹೇಳಿದ್ದೆಲ್ಲ ಸಾಲದು, ಬೈದರಂತೂ ಇನ್ನೂ ಹಾಳು. ಕಲಿಕೆಯ ತೊಂದರೆ ನೋಡುವ ತಜ್ಞರಿಗೆ ತೋರಿಸಬೇಕು. ಕಣ್ಣಿನ ಪರೀಕ್ಷೆ ಕೂಡ ಮಾಡಿಸಿ, ಕನ್ನಡಕ ಬೇಕಾದ ಮಗುವನ್ನು ದಡ್ಡ ಅಂತ ಕೂರಿಸಿರುವುದನ್ನು ನೋಡಿದ್ದೇನೆ.

ಜನವರಿ ಬಂತು ಅಂದರೆ ಕಾಫಿ ಕೊಯ್ಲು ಜೋರು, ಪ್ರಿಪರೇಟರಿ ಪರೀಕ್ಷೆಯೂ ಆಗಲೇ. ಕಣದಲ್ಲಿ ಕಾಫಿ ಹರಡಿ, ಅದೇ ಬಟ್ಟೆಯಲ್ಲಿ ಕಾಲೇಜಿಗೆ ಬಂದು ‘ಇಂಪಾರ್ಟೆಂಟ್ ಕ್ವೆಶ್ಚನ್ ಕೊಡಿ ಮೇಡಂ, ಟೈಮ್ ಇಲ್ಲ’ ಅನ್ನುವ ಅಪ್ಪಂದಿರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಪಾಪ, ಅವರ ಕಷ್ಟ ಅವರಿಗೆ. ಆದರೆ ಪಾಠದ ಪ್ರಶ್ನೆಗಳಿಗೆ ಪಟ್ಟಿ ಕೊಡಬಹುದು, ನೋಡಿಲ್ಲದ ಪ್ಯಾಸೇಜ್‌ಗೆ ಎಲ್ಲಿಂದ ಪಟ್ಟಿ ತರಲಿ? ಹೊಸ ಗೈಡ್ ತರಬೇಡಿ. ಮಗ ಈಗಾಗಲೇ ಮಾಡಿ, ಕೀ ನೋಡಿ ಟಿಕ್ ಹಾಕಿ ಎಸೆದ ಹಳೇ ಪೇಪರ್ ಇದ್ದರೆ ಒಂದೇ ಒಂದು ಕೊಟ್ಟು ಕಳಿಸಿ, ಅದರಲ್ಲೇ ಬೇಕಾದಷ್ಟು ಕೆಲಸ ಇದೆ. ಸಂಜೆ ಕ್ಲಾಸ್ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಇರುತ್ತೇನೆ. ಭಾಗಮಂಡಲ, ನಾಪೋಕ್ಲು ಕಡೆ ಬಸ್ ಹಿಡಿಯುವ ಮಕ್ಕಳು ಮಧ್ಯಾಹ್ನ ಊಟದ ಹೊತ್ತಿಗೇ ಬಂದುಬಿಡಿ.