ಅವೆನ್ಯೂ ರಸ್ತೆಯಿಂದ ಲಗ್ಗೆರೆಯವರೆಗೆ: ಇವಾಂಜೆಲಿಕಲ್ ಕ್ರೈಸ್ತರು ನಂಬುವುದೇನು?

ಸೆಪ್ಟೆಂಬರ್ 8ರಂದು ಶಿವಾಜಿನಗರದಲ್ಲಿ ಮೇರಿಯಮ್ಮನ ತೇರು ಹೊರಡುವಾಗ ಸೇರುವ ಜನಸಾಗರದಲ್ಲಿ ಹಿಂದೂಗಳಿರುತ್ತಾರೆ, ಮುಸ್ಲಿಮರೂ ಇರುತ್ತಾರೆ. ಆದರೆ ಬೆಂಗಳೂರಿನ ಕ್ರೈಸ್ತರಲ್ಲೇ ಒಂದು ದೊಡ್ಡ ಗುಂಪು ಅತ್ತ ಸುಳಿಯುವುದಿಲ್ಲ. ಅವರು ಮೇರಿಗೆ ಹರಕೆ ಹೊರುವವರಲ್ಲ, ಸಂತರ ಮುಂದೆ ಮೇಣದಬತ್ತಿ ಹಚ್ಚುವವರಲ್ಲ, ಜಪಮಾಲೆ ಹಿಡಿಯುವವರೂ ಅಲ್ಲ. ಪತ್ರಿಕೆಗಳು ಅವರನ್ನು ಇವಾಂಜೆಲಿಕಲ್ ಎನ್ನುತ್ತವೆ. ತಮ್ಮತಮ್ಮಲ್ಲಿ ಅವರು ವಿಶ್ವಾಸಿಗಳು.

ಹೊರಗಿನವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ದಾಳಿಗಿಳಿದವರು ಹೇಳಿಕೊಂಡ ಸಿಟ್ಟು ನ್ಯೂ ಲೈಫ್ ಎಂಬ ಪಂಗಡದ ಮೇಲಿತ್ತು. ಕಲ್ಲು ಬಿದ್ದದ್ದು ಮಿಲಾಗ್ರಿಸ್ ಬಳಿಯ ಕಥೊಲಿಕ್ ಸನ್ಯಾಸಿನಿಯರ ಮಠದ ಮೇಲೂ. ಇವರಿಗೂ ಅವರಿಗೂ ಆರಾಧನೆಯಲ್ಲಿ, ಆಡಳಿತದಲ್ಲಿ, ಮೂಲ ತತ್ವದಲ್ಲೇ ಎಷ್ಟು ಅಂತರವಿದೆ ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಇವಾಂಜೆಲಿಕಲ್ ನಂಬಿಕೆಯನ್ನು ಒಪ್ಪುವುದು, ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಅದೇನೆಂದು ತಿಳಿಯದೆ ಕನ್ನಡದ ಅಚ್ಚಿನ ಚರಿತ್ರೆಯೂ ಪೂರ್ತಿ ಅರ್ಥವಾಗದು, ಇಂದಿನ ಮತಾಂತರದ ಜಗಳವೂ ಅರ್ಥವಾಗದು ಎಂಬುದು ನನ್ನ ಖಚಿತ ಅಭಿಪ್ರಾಯ.

ಲಗ್ಗೆರೆ, ಪೀಣ್ಯ, ದಾಸರಹಳ್ಳಿ ಕಡೆ ಭಾನುವಾರ ಬೆಳಿಗ್ಗೆ ಓಡಾಡಿದರೆ ಯಾವುದಾದರೂ ಅಂಗಡಿಯ ಮೇಲಿನ ಮಹಡಿಯಿಂದ ಕೀಬೋರ್ಡ್ ಜೊತೆ ಕನ್ನಡದ ಹಾಡು ಕೇಳಿಸುತ್ತದೆ. ಮೆಟ್ಟಿಲ ಬಳಿ ಚಪ್ಪಲಿಗಳ ರಾಶಿ. ಒಳಗೆ ಪ್ಲಾಸ್ಟಿಕ್ ಕುರ್ಚಿಗಳು, ಮುಂದುಗಡೆ ಜಮಖಾನ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸರು. ಕೈಯಲ್ಲಿ ಜಿಪ್ ಹಾಕಿದ ಕವರಿನೊಳಗಿನ ಸತ್ಯವೇದ, ಅಂದರೆ ಬೈಬಲ್. ವಿಗ್ರಹವಿಲ್ಲ, ಪಟವಿಲ್ಲ, ಗೋಡೆಯ ಮೇಲೆ ಆ ವರ್ಷಕ್ಕೆಂದು ಆರಿಸಿಕೊಂಡ ಒಂದು ವಚನದ ಬ್ಯಾನರ್ ಮಾತ್ರ. ಹಾಡು ಮುಗಿದ ಮೇಲೆ ಪಾಸ್ಟರ್ "ಸಾಕ್ಷಿ ಹೇಳೋರು ಯಾರಾದ್ರೂ ಇದ್ದೀರಾ?" ಎನ್ನುತ್ತಾರೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳು ಎದ್ದು ಮೈಕ್ ಹಿಡಿಯುತ್ತಾಳೆ. ಮೊದಲು ಹೇಗಿದ್ದೆ, ಕರ್ತನು ಯಾವಾಗ ಮುಟ್ಟಿದನು, ಆಮೇಲೆ ಏನಾಯಿತು: ಅವಳ ಸಾಕ್ಷಿ ಈ ಮೂರು ಹೆಜ್ಜೆಯಲ್ಲಿ ಸಾಗುತ್ತದೆ. ಗಂಡನ ಕುಡಿತ, ಕೈಸಾಲ, ಮಗುವಿನ ಕಾಯಿಲೆ ಎಲ್ಲವೂ ಅದರಲ್ಲಿ ಬರುತ್ತವೆ. ಆದರೆ ಸಾಕ್ಷಿಯ ತಿರುಳು ನಡುವಿನ ಹೆಜ್ಜೆಯಲ್ಲಿದೆ. ಅವಳ ಬದುಕು ಅಲ್ಲಿ ಮುರಿದು ಬೇರೆ ದಿಕ್ಕಿಗೆ ತಿರುಗಿದೆ.

ಆ ನಡುವಿನ ಹೆಜ್ಜೆಯೇ ಈ ನಂಬಿಕೆಯ ಜೀವ. ಕ್ರೈಸ್ತ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ಕ್ರೈಸ್ತರಾಗುವುದಿಲ್ಲ ಎಂದು ಇವರು ಗಟ್ಟಿಯಾಗಿ ಹೇಳುತ್ತಾರೆ. ರಾತ್ರಿ ಹೊತ್ತು ಯೇಸುವನ್ನು ಕಾಣಲು ಬಂದ ನಿಕೊದೇಮನಿಗೆ, ಅವನು ಧರ್ಮಬೋಧಕನಾಗಿದ್ದರೂ, ಹೊಸದಾಗಿ ಹುಟ್ಟಬೇಕೆಂದು ಯೇಸು ಹೇಳಿದ ಪ್ರಸಂಗ ಯೋಹಾನನ ಸುವಾರ್ತೆಯ ಮೂರನೇ ಅಧ್ಯಾಯದಲ್ಲಿದೆ. ಇವರ ಬೋಧನೆಗಳು ಮತ್ತೆ ಮತ್ತೆ ಅಲ್ಲಿಗೇ ಮರಳುತ್ತವೆ. ಬಿಷಪ್ಪನ ಮಗನಾಗಲಿ, ಪಾಸ್ಟರ್ ಮಗಳಾಗಲಿ, ತಾನೇ ಪಾಪಿಯೆಂದು ಒಪ್ಪಿ ತಾನೇ ತಿರುಗಿಕೊಳ್ಳಬೇಕು.

ಬ್ರಿಟನ್ನಿನ ಇತಿಹಾಸಕಾರ ಡೇವಿಡ್ ಬೆಬಿಂಗ್ಟನ್ 1989ರಲ್ಲಿ ಇವಾಂಜೆಲಿಕಲ್ಲರನ್ನು ಗುರುತಿಸುವ ನಾಲ್ಕು ಲಕ್ಷಣಗಳನ್ನು ಹೇಳಿದರು. ವಿದ್ವಾಂಸರು ಇಂದಿಗೂ ಅದನ್ನೇ ಬಳಸುತ್ತಾರೆ. ಈಗ ಹೇಳಿದ ತಿರುಗುವಿಕೆ ಅದರಲ್ಲಿ ಒಂದು. ಇನ್ನೊಂದು ಸತ್ಯವೇದದ ಅಧಿಕಾರ: ಸಭೆಯ, ಅಂದರೆ ಚರ್ಚಿನ, ಸಂಪ್ರದಾಯಕ್ಕಿಂತ, ಗುರುವಿನ ಮಾತಿಗಿಂತ ಗ್ರಂಥದ ಮಾತು ದೊಡ್ಡದು. ಮತ್ತೊಂದು ಶಿಲುಬೆ. ಮನುಷ್ಯನ ಪಾಪಕ್ಕೆ ಸಲ್ಲಬೇಕಾದ ಶಿಕ್ಷೆಯನ್ನು ಯೇಸು ತಾನೇ ಹೊತ್ತು ಸತ್ತನು, ಮೂರನೆಯ ದಿನ ಎದ್ದನು. ಆದ್ದರಿಂದ ರಕ್ಷಣೆ ದೇವರ ಕೃಪೆಯಿಂದ ಸಿಗುವುದೇ ಹೊರತು ದಾನ, ವ್ರತ, ಯಾತ್ರೆ, ಒಳ್ಳೆಯ ನಡತೆ ಯಾವುದರಿಂದಲೂ ಗಳಿಸುವಂಥದ್ದಲ್ಲ. ಕರ್ಮಕ್ಕೆ ತಕ್ಕ ಫಲ ಎಂಬ ಮಾತಿನೊಳಗೆ ಬೆಳೆದ ನಮಗೆ ಅರಗಿಸಿಕೊಳ್ಳಲು ಕಷ್ಟವಾದದ್ದು ಇದು. ನಾಲ್ಕನೆಯದು ಚಟುವಟಿಕೆ: ನಂಬಿದವರು ಸುಮ್ಮನೆ ಕೂರಬಾರದು, ಸುವಾರ್ತೆಯನ್ನು, ಅಂದರೆ ಯೇಸುವಿನ ಶುಭಸಂದೇಶವನ್ನು, ಇನ್ನೊಬ್ಬರಿಗೆ ಮುಟ್ಟಿಸಬೇಕು.

ಇದರ ಬೇರು 1517ರಲ್ಲಿ ಕಥೊಲಿಕ್ ಸಭೆಯನ್ನು ಪ್ರಶ್ನಿಸಿದ ಜರ್ಮನಿಯ ಮಾರ್ಟಿನ್ ಲೂಥರನಲ್ಲಿದೆ. ನಂಬಿಕೆಯೊಂದರಿಂದಲೇ ದೇವರ ಮುಂದೆ ನೀತಿವಂತರಾಗುವುದು ಎಂದವನು ಅವನೇ. ಆದರೆ ಒಂದೂವರೆ ಶತಮಾನ ಕಳೆಯುವಷ್ಟರಲ್ಲಿ ಲೂಥರನ ಸಭೆಯೂ ಸರಕಾರಿ ಕಚೇರಿಯಂತೆ ಒಣಗಿತ್ತು. 1675ರಲ್ಲಿ ಜರ್ಮನಿಯ ಫಿಲಿಪ್ ಯಾಕೊಬ್ ಸ್ಪೇನರ್, ಜನ ಮನೆಮನೆಯಲ್ಲಿ ಚಿಕ್ಕ ಗುಂಪಾಗಿ ಕೂತು ಗ್ರಂಥ ಓದಲಿ, ಎದೆಯೊಳಗೆ ಬದಲಾವಣೆ ಆಗಲಿ ಎಂದ. ಪಯಟಿಸಂ ಎಂದು ಹೆಸರಾದ ಈ ಚಳವಳಿಯ ಕೇಂದ್ರ ಹಾಲೆ ಪಟ್ಟಣ. ಅಲ್ಲಿ ಓದಿದ ಬಾರ್ತೊಲೊಮೆಯುಸ್ ಸೀಗನ್‌ಬಾಲ್ಗ್ 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದಿಳಿದ. ಭಾರತಕ್ಕೆ ಬಂದ ಮೊದಲ ಪ್ರೊಟೆಸ್ಟಂಟ್ ಮಿಷನರಿಗಳಲ್ಲಿ ಅವನೊಬ್ಬ.

ಇಂಗ್ಲೆಂಡಿನಲ್ಲಿ ಈ ಬೆಂಕಿ ಹಚ್ಚಿದವನು ಜಾನ್ ವೆಸ್ಲಿ. ಅವನು ಆಗಲೇ ದೀಕ್ಷೆ ಪಡೆದ ಪಾದ್ರಿ. ಅಮೆರಿಕಕ್ಕೆ ಹೋಗಿ ಬೋಧಿಸಿಯೂ ಬಂದಿದ್ದ. 1738ರ ಮೇ 24ರ ರಾತ್ರಿ, ಲಂಡನ್ನಿನ ಒಂದು ಕೂಟದಲ್ಲಿ ಯಾರೋ ಲೂಥರನ ಬರಹ ಓದುತ್ತಿದ್ದಾಗ ತನ್ನ ಎದೆ ಬೆಚ್ಚಗಾಯಿತು, ಕ್ರಿಸ್ತನು ನನ್ನ ಪಾಪಗಳನ್ನೇ ತೆಗೆದನೆಂಬ ಭರವಸೆ ಬಂತು ಎಂದು ದಿನಚರಿಯಲ್ಲಿ ಬರೆದ. ಒಂಬತ್ತಕ್ಕೆ ಕಾಲು ಗಂಟೆ ಇತ್ತೆಂದು ಹೊತ್ತನ್ನೂ ಗುರುತು ಹಾಕಿಕೊಂಡ. ಮುಂದೆ ಗಣಿ ಕೂಲಿಗಳ ನಡುವೆ ಬಯಲಲ್ಲೇ ನಿಂತು ಬೋಧಿಸಿದ. ಲಗ್ಗೆರೆಯ ಹೆಣ್ಣುಮಗಳ ಸಾಕ್ಷಿ ಇದೇ ವಂಶಾವಳಿಗೆ ಸೇರಿದ್ದು.

ಮುಂದಿನ ತಲೆಮಾರಿನಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಸಂಸತ್ತಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿ 1807ರಲ್ಲಿ ಗೆದ್ದರು. 1813ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣವಾಗುವಾಗ ಭಾರತದ ಬಾಗಿಲನ್ನು ಮಿಷನರಿಗಳಿಗೆ ತೆರೆಸಿದವರಲ್ಲೂ ಅವರೇ ಮುಂದೆ. ಗುಲಾಮನ ಸಂಕಟಕ್ಕೆ ಅಷ್ಟು ಮಿಡಿದವರು ಹಿಂದೂ ಧರ್ಮದ ಬಗ್ಗೆ ಆಡಿದ ಮಾತುಗಳಲ್ಲಿ ತಾತ್ಸಾರ ತುಂಬಿದೆ. ಇಂದು ಓದಿದರೂ ಚುಚ್ಚುತ್ತದೆ. ಎರಡೂ ಒಂದೇ ನಂಬಿಕೆಯಿಂದ ಹುಟ್ಟಿದವು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಚರಿತ್ರೆಗೆ ಮೋಸ.

ಕನ್ನಡನಾಡಿಗೆ ಈ ಪ್ರವಾಹ ಬಂದದ್ದು ಬಳ್ಳಾರಿಯ ಮೂಲಕ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿ ನೆಲೆಸಿ ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. ಪ್ರತಿಯೊಬ್ಬರೂ ಗ್ರಂಥವನ್ನು ತಾವೇ ಓದಿ ತಾವೇ ತೀರ್ಮಾನಿಸಬೇಕು ಎಂದ ಮೇಲೆ ಅದಕ್ಕೆ ಅನುವಾದ ಬೇಕು, ಅಚ್ಚಿನ ಮೊಳೆ ಬೇಕು, ವ್ಯಾಕರಣ ಬೇಕು, ನಿಘಂಟು ಬೇಕು, ಓದುಬರಹ ಕಲಿಸುವ ಶಾಲೆ ಬೇಕು, ಅದರಲ್ಲೂ ಹೆಣ್ಣುಮಕ್ಕಳ ಶಾಲೆ. ಭಾಷೆಯ ಸೇವೆ ಅವರ ಉದ್ದೇಶವಾಗಿರಲಿಲ್ಲ, ಅವರ ನಂಬಿಕೆಗೆ ಅದು ಅನಿವಾರ್ಯವಾಗಿತ್ತು. 1815ರಲ್ಲಿ ಶುರುವಾಗಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಪಯಟಿಸ್ಟರ ಸಂಸ್ಥೆ. ಅದರ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ತಂದರು. ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲೇ ‘ಕಥಾಮಾಲೆ’ಯಾಗಿ ಕಟ್ಟಿದರು, ಅವರ ನಿಘಂಟು ಹೊರಬಂದದ್ದು 1894ರಲ್ಲಿ. ಬೆಂಗಳೂರಿನಲ್ಲಿ ಕಿಟ್ಟೆಲ್ ಪ್ರತಿಮೆಗೆ ಹಾರ ಹಾಕುವ ನಾವು ಅವರನ್ನು ಇಲ್ಲಿಗೆ ಕಳಿಸಿದ ನಂಬಿಕೆಯ ಬಗ್ಗೆ ಮಾತ್ರ ಮಾತೆತ್ತುವುದಿಲ್ಲ.

ಬೆಂಗಳೂರಿನಲ್ಲಿ ಲಂಡನ್ ಮಿಷನ್ 1820ರಲ್ಲಿ, ಅದರ ಬೆನ್ನಿಗೇ ವೆಸ್ಲಿಯನ್ ಮಿಷನ್ ಕೆಲಸ ಶುರುಮಾಡಿದವು. ದಂಡು ಪ್ರದೇಶದಲ್ಲಿ ಇಂಗ್ಲಿಷ್, ತಮಿಳು, ಪೇಟೆಯಲ್ಲಿ ಕನ್ನಡ. ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳ ನಡುವೆ ನಿಂತಿರುವ ರೈಸ್ ಸ್ಮಾರಕ ದೇವಾಲಯ ಸುಮಾರು ಐವತ್ತು ವರ್ಷ ಈ ನಾಡಿನಲ್ಲಿ ಬೋಧಿಸಿದ ಬೆಂಜಮಿನ್ ರೈಸ್ ನೆನಪಿನದು. ಶಾಸನಗಳನ್ನು ಓದಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಕೊಟ್ಟ ಬಿ.ಎಲ್. ರೈಸ್ ಅವರ ಮಗ. ಹುಟ್ಟಿದ್ದು ಇದೇ ಊರಿನಲ್ಲಿ, 1837ರಲ್ಲಿ. ಕಾರ್ಪೊರೇಷನ್ ಬಳಿಯ 1904ರ ಹಡ್ಸನ್ ದೇವಾಲಯ ವೆಸ್ಲಿಯನ್ನರದು. 1947ರ ಸೆಪ್ಟೆಂಬರಿನಲ್ಲಿ ಈ ಸಭೆಗಳೆಲ್ಲ ಇಂಗ್ಲೆಂಡಿನ ಅಧಿಕೃತ ಸಭೆಯ ಪರಂಪರೆಯ ಆಂಗ್ಲಿಕನ್ನರೊಂದಿಗೆ ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಆದವು. ಇಂದಿಗೂ ಎರಡೂ ಕಡೆ ಕನ್ನಡದಲ್ಲೇ ಆರಾಧನೆ.

ಸಿಎಸ್‌ಐ ಮನೆತನಗಳಿಗೂ ಮಹಡಿಯ ಮೇಲಿನ ಹೊಸ ಸಭೆಗಳಿಗೂ ನಡುವೆ ಇರುವ, ಪವಿತ್ರಾತ್ಮನಿಂದ ತುಂಬುವ ಅನುಭವಕ್ಕೆ ಒತ್ತು ಕೊಡುವ ಪೆಂಟೆಕೊಸ್ಟಲ್ ಅಧ್ಯಾಯಕ್ಕೂ ಕರ್ನಾಟಕದ ನಂಟಿದೆ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಅವರು, ಎಂಟು ವರ್ಷ ಕಳೆದ ಮೇಲೆ ತನಗೆ ಸಿಕ್ಕಿದ್ದು ಕ್ರೈಸ್ತಧರ್ಮ ಮಾತ್ರ, ಕ್ರಿಸ್ತನಲ್ಲ ಎಂದು ಅರಿವಾಯಿತೆಂದು ಮುಂದೆ ಬರೆದುಕೊಂಡರು. ಇವಾಂಜೆಲಿಕಲ್ ನಂಬಿಕೆಯನ್ನು ಇಷ್ಟು ನೇರವಾಗಿ ಹೇಳಿದವರು ಕಡಿಮೆ. ಪುಣೆ ಬಳಿಯ ಕೇಡಗಾಂವದ ಅವರ ಮುಕ್ತಿ ಆಶ್ರಮದಲ್ಲಿ 1905ರಲ್ಲಿ ಹೆಣ್ಣುಮಕ್ಕಳು ಅತ್ತು, ಕೂಗಿ, ಪವಿತ್ರಾತ್ಮನಿಂದ ತುಂಬಿದೆವೆಂದು ಸಾಕ್ಷಿ ಹೇಳಿದರು. ಪೆಂಟೆಕೊಸ್ಟಲ್ ಚಳವಳಿಯ ತೊಟ್ಟಿಲೆನ್ನಲಾಗುವ ಲಾಸ್ ಏಂಜಲೀಸಿನ ಅಜೂಸಾ ಬೀದಿಯ ಕೂಟಗಳು ಶುರುವಾದದ್ದು ಅದರ ಮರುವರ್ಷ. ಎಲ್ಲವೂ ಅಮೆರಿಕದಿಂದಲೇ ಆಮದಾಯಿತು ಎನ್ನುವವರು ಇದನ್ನು ಗಮನಿಸಬೇಕು. 1970ರ ದಶಕದಿಂದೀಚೆ ಅಮೆರಿಕದಲ್ಲಿ ಇವಾಂಜೆಲಿಕಲ್ ಎಂಬುದು ರಾಜಕೀಯ ಬಣದ ಹೆಸರೂ ಆಗಿದೆ. ಆ ರಾಜಕೀಯವನ್ನು ಪೀಣ್ಯದ ಕೂಲಿಯ ಮೇಲೆ ಹೊರಿಸುವುದು ಅನ್ಯಾಯ.

1974ರಲ್ಲಿ ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿ ಸುಮಾರು 150 ದೇಶಗಳ ಇವಾಂಜೆಲಿಕಲ್ ನಾಯಕರು ಸೇರಿದರು. ಇಂಗ್ಲೆಂಡಿನ ಪಾದ್ರಿ ಜಾನ್ ಸ್ಟಾಟ್ ಮುಂದಾಳತ್ವದಲ್ಲಿ ರೂಪುಗೊಂಡ 15 ಅಂಶಗಳ ಒಡಂಬಡಿಕೆ, ಸುವಾರ್ತೆ ಸಾರುವುದೂ ಅನ್ಯಾಯದ ವಿರುದ್ಧ ನಿಲ್ಲುವುದೂ ಕ್ರೈಸ್ತನ ಕರ್ತವ್ಯವೇ ಎಂದಿತು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದರ ತಪ್ಪೊಪ್ಪಿಗೆ: ಜನರನ್ನು ಸೆಳೆಯುವ ಆತುರದಲ್ಲಿ ಕೇಳುಗರ ಮೇಲೆ ಒತ್ತಡ ಹೇರಿದ್ದೇವೆ, ಅಂಕಿಅಂಶದ ಬೆನ್ನುಹತ್ತಿದ್ದೇವೆ, ಆ ಅಂಕಿಗಳಲ್ಲೂ ಪ್ರಾಮಾಣಿಕರಾಗಿಲ್ಲ ಎಂದು ಅವರೇ ಬರೆದುಕೊಂಡರು. ಪ್ರಾರ್ಥನೆಗೆ ಬಂದರೆ ಸಾಲ ತೀರುತ್ತದೆ, ಕಾಣಿಕೆ ಕೊಟ್ಟಷ್ಟೂ ಸಂಪತ್ತು ಬರುತ್ತದೆ ಎಂದು ಬೋಧಿಸುವ ಸಭೆಗಳು ಬೆಂಗಳೂರಿನಲ್ಲಿ ಇಂದು ಇವೆ. ಕೃಪೆಯನ್ನು ಗಳಿಸಲಾಗದು ಎಂಬ ಮೂಲ ನಂಬಿಕೆಗೇ ಅದು ವಿರುದ್ಧ. ಇವಾಂಜೆಲಿಕಲ್ ಪಂಡಿತರೇ ಅದನ್ನು ಖಂಡಿಸುತ್ತಾರೆ. ಇನ್ನಷ್ಟು ಗಟ್ಟಿಯಾಗಿ ಖಂಡಿಸಬೇಕು.

ಮನೆಗಳೊಳಗಿನ ಜಗಳ ಹೆಚ್ಚಾಗಿ ನೀರಿನದು. ಸಿಎಸ್‌ಐನಲ್ಲಿ ಕೂಸಿಗೆ ದೀಕ್ಷಾಸ್ನಾನ ಕೊಡುತ್ತಾರೆ. ಬ್ಯಾಪ್ಟಿಸ್ಟರು, ಪೆಂಟೆಕೊಸ್ಟಲರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಂಬುವ ವಯಸ್ಸು ಬಂದ ಮೇಲೆ ಪೂರ್ತಿ ಮುಳುಗಿ ಏಳಬೇಕು. ಮಗ ಹೊಸ ಸಭೆಗೆ ಹೋಗಿ ಮತ್ತೊಮ್ಮೆ ನೀರಿಗಿಳಿದರೆ ಹೆತ್ತವರಿಗೆ ತಾವು ಕೊಟ್ಟದ್ದನ್ನು ಅವನು ಬಿಸಾಡಿದಂತೆ ನೋವಾಗುತ್ತದೆ.

ಮನೆಯಾಚೆ ಕಾನೂನಿದೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಕರ್ನಾಟಕದ 2022ರ ಕಾಯಿದೆ, ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಘೋಷಣೆ ಸಲ್ಲಿಸಬೇಕೆಂದಿತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಎದೆಯೊಳಗೆ ಯಾವಾಗ ಘಟಿಸುತ್ತದೋ ಗೊತ್ತಿಲ್ಲದ ಸಂಗತಿಗೆ ಒಂದು ತಿಂಗಳು ಮೊದಲೇ ಅರ್ಜಿ ಕೊಡುವುದು ಹೇಗೆ ಎಂಬುದು ವಿಶ್ವಾಸಿಗಳ ಪ್ರಶ್ನೆ. ಆಮಿಷ, ಬಲವಂತ ನಡೆದಿಲ್ಲವೆಂದು ಖಾತ್ರಿಪಡಿಸುವವರು ಯಾರು ಎಂಬುದು ಎದುರಿನವರ ಪ್ರಶ್ನೆ. ಎರಡಕ್ಕೂ ತೂಕವಿದೆ. ಆದರೆ ವಯಸ್ಕ ಹೆಣ್ಣುಮಗಳೊಬ್ಬಳ ನಂಬಿಕೆಗೆ ಅಧಿಕಾರಿಯ ಮೊಹರು ಬೇಕೆನ್ನುವುದನ್ನು ನಾನು ಒಪ್ಪಲಾರೆ.

1950ರ ರಾಷ್ಟ್ರಪತಿ ಆದೇಶ ಇನ್ನೊಂದು ತೊಡಕು. ಅದರ ಪ್ರಕಾರ ಹಿಂದೂ, ಸಿಖ್, ಬೌದ್ಧರಲ್ಲದವರು ಪರಿಶಿಷ್ಟ ಜಾತಿಯವರೆನಿಸಿಕೊಳ್ಳಲಾರರು. ಹೀಗಾಗಿ ಯೇಸುವನ್ನು ನಂಬುವ ದಲಿತರಲ್ಲಿ ಕೆಲವರು ಭಾನುವಾರ ತಪ್ಪದೆ ಬಂದರೂ, ಸಾಕ್ಷಿ ಹೇಳಿದರೂ, ಮಕ್ಕಳ ಓದು, ಉದ್ಯೋಗ ನೆನೆದು ನೀರಿಗೆ ಇಳಿಯುವುದಿಲ್ಲ. ನಂಬಿಕೆ ಸಾಕು ಎನ್ನುತ್ತದೆ ಬೋಧನೆ. ನಂಬಿದ್ದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಬೇಕು ಎಂದೂ ಅದೇ ಬೋಧನೆ ಹೇಳುತ್ತದೆ. ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನದ ದಿನ ಇಂಥವರಿಗೆ ರೊಟ್ಟಿ, ದ್ರಾಕ್ಷಾರಸ ಕೊಡಬೇಕೆ ಎಂಬುದನ್ನು ಸ್ವತಂತ್ರ ಸಭೆಗಳಲ್ಲಿ ಆಯಾ ಪಾಸ್ಟರೇ ತೀರ್ಮಾನಿಸಬೇಕು. ಕೆಲವರು ಕೊಡುತ್ತಾರೆ. ಕೆಲವರು ದೀಕ್ಷಾಸ್ನಾನ ಆಗಲಿ, ಅಲ್ಲಿಯವರೆಗೆ ಕಾಯಿರಿ ಎನ್ನುತ್ತಾರೆ.